ಒಳ ಅಂಚು, ಹೊರ ಅಂಚು

"ಅಲ್ಲಾಡ್ಬೇಡಿ, ಇನ್ನೊಂದೇ ನಿಮಿಷ," ಎಂದು ಚಿಕ್ಕ ಡಾಕ್ಟರು ಮೂರನೆಯ ಸಲ ಹೇಳಿದರು. ಅವರ 'ಒಂದೇ ನಿಮಿಷ' ಶುರುವಾಗಿ ಆಗಲೇ ಕಾಲು ಗಂಟೆಯಾಗಿತ್ತು.

ಟೈಲರಮ್ಮ ಅಂಗಾತ ಮಲಗಿ ಸ್ಕ್ಯಾನಿಂಗ್ ಯಂತ್ರದ ಪರದೆಯನ್ನೇ ನೋಡುತ್ತಿದ್ದಳು. ಹೋದ ವಾರ ಇದೇ ಮಂಚದ ಮೇಲೆ, ಹೊಕ್ಕುಳಬಳ್ಳಿ ಹತ್ತೇ ಮಿಲಿಮೀಟರ್ ದಪ್ಪ ಇದೆ, ತೀರಾ ಕಡಿಮೆ ಎಂದು ಇವರೇ ಹೇಳಿದ್ದರು. ಬಳ್ಳಿ ತೆಳ್ಳಗಿದ್ದರೆ ಕೂಸಿಗೆ ಒಳಗೆ ಊಟ ಸಾಲದೆ ಹೋಗಬಹುದು. ಇವತ್ತೂ ಅಷ್ಟೇ ಬಂದರೆ ಆಸ್ಪತ್ರೆಯಲ್ಲೇ ಉಳಿಯಬೇಕು. ಎಂಟನೇ ತಿಂಗಳಲ್ಲೇ ಮಗುವನ್ನು ತೆಗೆಯಬೇಕಾಗಿ ಬಂದರೂ ಬಂತು. ಆ ಭಯದಲ್ಲಿ ವಾರವಿಡೀ ಅವಳು ಹೊಲಿದ ಅಂಗಿಗಳಲ್ಲಿ ಗುಂಡಿ ಒಂದು ಕಡೆ, ಕಾಜಾ ಇನ್ನೊಂದು ಕಡೆ.

"ತೆಳ್ಳಗಿದ್ರೆ ಏನೀಗ?" ಎಂದರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ. "ನಿನ್ನ ಗಂಡ ಹುಟ್ಟಿದಾಗ ಕಡ್ಡಿ ಹಾಗಿದ್ದ. ಈಗ ನೋಡು, ಬಾಗಿಲಲ್ಲಿ ಅಡ್ಡ ತಿರುಗಿ ಬರ್ತಾನೆ."

ಪರದೆಯ ಮೇಲೆ ಎರಡು ಪ್ಲಸ್ ಗುರುತುಗಳು ಬಳ್ಳಿಯ ಆಚೆ ಈಚೆ ನಿಂತವು. "ಹತ್ತು ಪಾಯಿಂಟ್ ಎರಡು," ಎಂದರು ಡಾಕ್ಟರು ಮೆಲ್ಲಗೆ. ಅಂದರೆ ಇನ್ನು ಆಸ್ಪತ್ರೆಯೇ ಗತಿ. ಆದರೆ ಹದಿನೈದು ವರ್ಷ ಟೇಪು ಹಿಡಿದು ಪಳಗಿದ ಟೈಲರಮ್ಮನ ಕಣ್ಣು ದುಃಖದಲ್ಲೂ ಸುಮ್ಮನಿರುವುದಿಲ್ಲ.

"ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನೀವು ಟೇಪು ಇಟ್ಟಿರೋದು ಒಳ ಅಂಚಿಗೆ."

"ಟೇಪಾ?"

"ಅದೇ, ಆ ಗುರುತು. ಸುತ್ತ ಬಿಳೀ ಗೆರೆ ಇದೆಯಲ್ಲ, ಅದೂ ಬಳ್ಳಿದೇ ತಾನೆ? ಅದನ್ನ ಬಿಟ್ಟು ಅಳೆದಿದೀರಿ. ನಾನು ಹೀಗೆ ಅಳತೆ ತಗೊಂಡ್ರೆ, ಗಿರಾಕಿ ಅಂಗಿ ಹಾಕ್ಕೊಳ್ಳೋಕೆ ಮೈಗೆ ಎಣ್ಣೆ ಸವರ್ಕೋಬೇಕಾಗುತ್ತೆ."

ಚಿಕ್ಕ ಡಾಕ್ಟರ ಕೈ ನಿಂತಿತು. ಮುಖ ಕಿವಿಯವರೆಗೂ ಕೆಂಪಾಯಿತು. "ದಿನವಿಡೀ ರಕ್ತನಾಳ ಅಳೀತೀನಿ. ಅದನ್ನ ಒಳಗಿಂದ ಒಳಗೇ ಅಳೆಯೋದು. ಕೈಗೆ ಅದೇ ಅಭ್ಯಾಸ ಆಗ್ಬಿಟ್ಟಿದೆ," ಎನ್ನುತ್ತಲೇ ಎದ್ದು ಹೋಗಿ ದೊಡ್ಡ ಡಾಕ್ಟರನ್ನು ಕರೆತಂದರು. ತಪ್ಪನ್ನು ಮುಚ್ಚಿಡದೆ ಹೇಳಿದ್ದು ಟೈಲರಮ್ಮನಿಗೆ ಬಹಳ ಹಿಡಿಸಿತು.

ದೊಡ್ಡ ಡಾಕ್ಟರು ಎಲ್ಲ ಕೇಳಿ ಗಹಗಹಿಸಿ ನಕ್ಕರು. "ಬಳ್ಳೀನ ಹೊರಗಿಂದ ಹೊರಗೆ ಅಳೀಬೇಕು, ಮಗುವಿನ ಹೊಟ್ಟೆ ಹತ್ತಿರ, ನೇರ ಅಡ್ಡಕ್ಕೆ. ಅದೂ ಮೂರು ಸಲ. ಒಂದೇ ಸಲ ಅಳೆದು ನಂಬೋ ಡಾಕ್ಟರಿಗೆ..."

"...ಗಿರಾಕಿ ಉಳಿಯಲ್ಲ," ಎಂದು ಟೈಲರಮ್ಮ ಮುಗಿಸಿದಳು.

ದೊಡ್ಡ ಡಾಕ್ಟರು ಅಳೆದು, ಬಂದ ಅಂಕಿಯನ್ನು ಅಂಗೈಯಿಂದ ಮುಚ್ಚಿ, "ಈಗ ನೀವು ಅಳೀರಿ, ನಂದು ನೋಡ್ಬೇಡಿ," ಎಂದು ಚಿಕ್ಕವರಿಗೆ ಜಾಗ ಬಿಟ್ಟರು. ಅತ್ತೆ ಸ್ಟೂಲಿನ ತುದಿಗೆ ಸರಿದು ಕತ್ತು ಉದ್ದ ಮಾಡಿದರು.

"ಹದಿನಾಲ್ಕು ಪಾಯಿಂಟ್ ಮೂರು."

ದೊಡ್ಡವರು ಅಂಗೈ ತೆಗೆದರು. ಹದಿನಾಲ್ಕು ಪಾಯಿಂಟ್ ಆರು. "ಇಬ್ಬರ ಕೈಯೂ ಹೆಚ್ಚುಕಡಿಮೆ ಒಂದೇ ಮಾತು ಹೇಳ್ತಿದೆ. ಬಳ್ಳಿ ಚೆನ್ನಾಗಿದೆ, ಮಗುವಿನ ಬೆಳವಣಿಗೆನೂ ಸರಿಯಾಗಿದೆ. ಆರಾಮಾಗಿ ಮನೆಗೆ ಹೋಗಮ್ಮ."

"ಒಂದೇ ವಾರದಲ್ಲಿ ಅಷ್ಟು ದಪ್ಪ ಆಯ್ತಾ?" ಎಂದರು ಅತ್ತೆ.

"ಇಲ್ಲಮ್ಮ, ಮೊದ್ಲಿಂದ್ಲೂ ಇತ್ತು. ನಾವೇ ಅಳತೆಗೆ ಕತ್ತರಿ ಹಾಕಿದ್ವಿ," ಎಂದರು ದೊಡ್ಡವರು.

ಟೈಲರಮ್ಮನಿಗೆ ನಗುವೂ ಅಳುವೂ ಒಟ್ಟೊಟ್ಟಿಗೇ ಬಂದವು. ಇಷ್ಟು ಸಂತೋಷ ಅವಳಿಗೆ ಯಾವತ್ತೂ ಆಗಿರಲಿಲ್ಲ. "ನಗ್ಬೇಡಿ, ಪರದೆಯೆಲ್ಲ ಕುಣೀತಿದೆ," ಎಂದ ಚಿಕ್ಕ ಡಾಕ್ಟರೂ ಕಣ್ಣೊರೆಸಿಕೊಂಡು, ಮೂರನೆಯ ಅಳತೆಗೆ ಗುರುತು ಸರಿಸತೊಡಗಿದರು.

ಅಷ್ಟರಲ್ಲಿ ಪರದೆಯ ಮೂಲೆಯಿಂದ ಪುಟ್ಟ ಕೈಯೊಂದು ತೇಲಿ ಬಂತು. ಬಳ್ಳಿಯನ್ನು ತಡವಿತು, ಹಿಡಿಯಿತು, ಮುಷ್ಟಿ ಕಟ್ಟಿತು.

"ಅಯ್ಯೋ, ಅಳತೆಗೆ ಅಡ್ಡ ಬಂತಲ್ಲ! ಸ್ವಲ್ಪ ಮಗ್ಗುಲಾಗ್ತೀರಾ? ಮಗು ಕೈ ಬಿಟ್ಟೀತು," ಎಂದರು ಚಿಕ್ಕ ಡಾಕ್ಟರು.

"ಬಿಡಿಸ್ಬೇಡಿ ಡಾಕ್ಟ್ರೇ," ಎಂದಳು ಟೈಲರಮ್ಮ. "ಇರ್ಲಿ."

ಯಾರೂ ಅವಸರ ಮಾಡಲಿಲ್ಲ. ಅತ್ತೆ ಎದ್ದು ಬಂದು, ಕನ್ನಡಕ ಮೇಲೇರಿಸಿ, ಪರದೆಯ ಹತ್ತಿರ ಬಗ್ಗಿದರು. ಬೆರಳುಗಳು ಒಮ್ಮೆ ಅರಳಿ, ಮತ್ತೆ ಬಳ್ಳಿಯನ್ನು ಸುತ್ತಿಕೊಂಡವು.