ನೀಲಿ ಡ್ರಮ್ಮಿದ್ದ ಜಾಗ

ಲ್ಯಾಬಿನ ತೊಟ್ಟಿಯಲ್ಲಿ ಇಲಿ ಮತ್ತೆ ಅಂಚಿಗೇ ಬಂತು, ಅಂಚು ಹಿಡಿದೇ ಈಜುತ್ತಿದೆ, ಮೂಗೊಂದೇ ಮೇಲೆ, ಹಾಲಿನ ಪುಡಿ ಕದಡಿದ ಬೆಳ್ಳನೆ ನೀರು, ಅದರಡಿ ಎಲ್ಲೋ ಕಾಲೂರಲೊಂದು ಮಣೆ, ನಿನ್ನೆವರೆಗೆ ಮಣೆಯ ಮೇಲೆ ಕೆಂಪು ಬಾವುಟವಿತ್ತು, ಅದನ್ನು ನೋಡಿಕೊಂಡು ಸೀದಾ ಹೋಗಿ ಹತ್ತುತ್ತಿತ್ತು, ಇವತ್ತು ನಿಖಿತಾ ಮೇಡಂ ಬಾವುಟ ಕಿತ್ತಿಟ್ಟಿದ್ದಾರೆ — ಚಿಕ್ಕಹನುಮಯ್ಯ ಸ್ಟಾಪ್‌ವಾಚ್ ಒತ್ತಿ ನಿಂತಿದ್ದ, ಹತ್ತು ಸೆಕೆಂಡು, ಹನ್ನೆರಡು. ತಲೆಯಲ್ಲಿ ಜಾಗ ನೆನಪಿಡೋ ಭಾಗನೇ ಕೆಡಿಸಿದೀವಿ ಅಣ್ಣ ಇದಕ್ಕೆ, ಅಂದಿದ್ದರು ಮೇಡಂ, ಗುರುತು ಕಂಡ್ರೆ ಮಾತ್ರ ಹೋಗುತ್ತೆ, ಆ ಪಂಜರದ ಇಲಿ ಉಲ್ಟಾ, ಜಾಗ ಗೊತ್ತು, ಬಾವುಟ ತಲೆಗೆ ಹೋಗಲ್ಲ. ಅಪ್ಪನ ಗೌರಿ ಹಸು ಕೆಂಗೇರಿ ಬಯಲಿಂದ ಮನೆಗೆ ತಾನೊಂದೇ ಬರುತ್ತಿತ್ತು, ಯಾವ ಬಾವುಟವೂ ಬೇಕಿರಲಿಲ್ಲ, ಆ ಬಯಲಲ್ಲೀಗ ಅಪಾರ್ಟ್‌ಮೆಂಟು, ಗೌರಿಯ ತಲೆಯಲ್ಲಿ ಆ ಭಾಗ ಎಷ್ಟಿತ್ತೋ, ರಾಮಮ್ಮನ ತಲೆಯಲ್ಲಿ — ಹೋದ ವರ್ಷ ಡಾಕ್ಟರು ಸ್ಕ್ಯಾನಿನ ಮೇಲೆ ಬೆರಳಿಟ್ಟು ತೋರಿಸಿದ ಕಪ್ಪು ಚುಕ್ಕೆ, ಅವರೆಕಾಳಿನಷ್ಟು, ಆಮೇಲಿಂದ ಬೀದಿಯೆಲ್ಲ ಒಂದೇ ತರ ಕಾಣುತ್ತೆ ಕಣ್ರೀ ಅನ್ನುತ್ತಾಳೆ ಹೆಂಡತಿ, ಆದರೂ ಹನ್ನೊಂದಕ್ಕೆ ಹೂವಿಗೆ ಹೋಗದೆ ಬಿಡಳು, ಹೆಂಗೆ ವಾಪಸ್ ಬರ್ತೀಯೇ ಅಂದರೆ ನಕ್ಕಳು, ನಿಮ್ಮ ಮುಖ ನೋಡ್ಕೊಂಡಲ್ಲ, ಆ ಡ್ರಮ್ಮು ನೋಡ್ಕೊಂಡು, ಬೀದಿಗೆಲ್ಲ ನೀಲಿ ಡ್ರಮ್ಮಿರೋದು ನಮ್ಮನೆ ಮುಂದೊಂದೇ ಅಲ್ವಾ — ಇಪ್ಪತ್ತೆಂಟು — ಬೆಳಿಗ್ಗೆ ಎದುರುಮನೆ ವರಲಕ್ಷ್ಮಿ, ಅಣ್ಣ, ಎಷ್ಟು ಸಲ ಹೇಳೋದು, ಸ್ಕೂಟರ್ ತೆಗೆಯೋಕಾಗ್ತಿಲ್ಲ, ಡ್ರಮ್ಮಿಗೇನು ಪಟ್ಟಾಭಿಷೇಕ ಮಾಡಿಟ್ಟಿದೀರಾ, ಅವನಿಗೆ ರೋಷ ಬಂದು ನೀರು ಚೆಲ್ಲಿ ದಡದಡ ಉರುಳಿಸಿಕೊಂಡು ಹೋಗಿ ಹಿತ್ತಲಲ್ಲಿಟ್ಟಿದ್ದ, ಗೇಟಿನ ಮುಂದೆ ದುಂಡನೆ ಒದ್ದೆ ಗುರುತು ಉಳಿದಿತ್ತು, ಅದನ್ನು ದಾಟಿಕೊಂಡೇ ಬಸ್ಸಿಗೆ ಬಂದದ್ದು — ಹಿತ್ತಲಲ್ಲಿ, ತಾನೇ, ಈ ಕೈಯಲ್ಲೇ. ಗೋಡೆಯ ಮೇಲೆ ಹನ್ನೊಂದೂಕಾಲು. ಫೋನು ಮಾಡಿದರೆ ದೇವರ ಗೂಡಿನಲ್ಲಿ ಬಡಿದುಕೊಳ್ಳುತ್ತದೆ, ಅಲ್ಲಿಟ್ಟೇ ಅವಳು ಹೊರಗೆ ಹೋಗುವುದು. ಅಣ್ಣ, ಅರವತ್ತು ಆಗೋವರೆಗೂ ಮುಟ್ಟಬೇಡಿ, ಮುಟ್ಟಿದ್ರೆ ವಾರದ ಕೆಲಸ ಹಾಳು. ಮೂವತ್ತೊಂಬತ್ತು, ಇಲಿ ಅಂಚು ಹಿಡಿದು ಇನ್ನೊಂದು ಸುತ್ತು, ಅವಳೂ ಕಾಂಪೌಂಡು ಹಿಡಿದೇ, ಗೇಟಿಂದ ಗೇಟಿಗೆ, ಕೈಯಲ್ಲಿ ಮೊಳ ಕನಕಾಂಬರ, ನಮ್ಮ ಗೇಟನ್ನೂ ದಾಟಿ, ಮುಂದೆ ಮೈಸೂರು ರೋಡು — ಅವನ ಕೈ ನೀರಿಗಿಳಿದಿತ್ತು, ಅಯ್ಯೋ ಅಣ್ಣ, ಏನ್ ಮಾಡ್ತಿದೀರಾ, ಅಂಗೈಗೆ ಎತ್ತಿಕೊಂಡ ಮೇಲೂ ಇಲಿಯ ಕಾಲುಗಳು ಗಾಳಿಯಲ್ಲಿ ಈಜುತ್ತಲೇ ಇವೆ, ಮನೆಗೆ ಹೋಗ್ಬೇಕು ಮೇಡಂ, ಡ್ರಮ್ಮು, ಅಂದ, ಕಣ್ಣೊಳಗೆ ಗೇಟಿನ ಮುಂದೆ ದುಂಡನೆ ಒದ್ದೆ ಗುರುತು, ಬಿಸಿಲಿಗೆ ಅಂಚಿನಿಂದ ಒಣಗುತ್ತಾ, ಅಂಗೈಯಷ್ಟಾಗಿ, ಅವರೆಕಾಳಿನಷ್ಟಾಗಿ