ಬಟನ್ ಇಲ್ಲದ ಬಸ್ಸು

ಪರದೆಯ ಮೇಲೆ ಒಂದೇ ಒಂದು ಬಟನ್ ಇರಬಾರದೆಂದು ರಿಫಾ ಹಟ ಹಿಡಿದಿದ್ದಳು. ಮೂಡುಬಿದಿರೆಯ ಆ ಪುಟ್ಟ ಕಚೇರಿಯಲ್ಲಿ ತಯಾರಾಗುತ್ತಿದ್ದದ್ದು ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಓಡಿಸುವ ಕಂಪ್ಯೂಟರ್ ಆಟ. ಊರು ಆರಿಸಬೇಕೇ, ಬಸ್ಸಿನ ಬೋರ್ಡು ಬದಲಿಸಬೇಕು. ಆಟ ಶುರುವಾಗಬೇಕೇ, ಕೀಲಿ ತಿರುಗಿಸಬೇಕು. ಆಡುವವನಿಗೆ ತಾನು ಕಂಪ್ಯೂಟರಿನ ಮುಂದಿದ್ದೇನೆಂಬುದೇ ಮರೆತುಹೋಗಬೇಕು ಎಂಬುದು ಅವಳ ಆಸೆ.

ಕಚೇರಿಯ ಯಜಮಾನ ಶಿವಕೃಷ್ಣನಿಗೆ ಇದೆಲ್ಲ ತಲೆಹರಟೆ. "ಜನರಿಗೆ ಗೊತ್ತಾಗುವುದಿಲ್ಲ ಮಾರಾಯ್ತಿ. ನಡುವಿನಲ್ಲಿ ದೊಡ್ಡದೊಂದು ಬಟನ್ ಹಾಕುವ."

ಜಗಳ ಸಾಕಾಗಿ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಆಟ ಕೊಳ್ಳಲು ದುಬೈಯಿಂದ ಬಂದಿದ್ದ ಗುರುವಾಯನಕೆರೆಯ ಬದ್ರುದ್ದೀನ್ ಆಡಿ ನೋಡಲಿ. ಯಾರೂ ತುಟಿ ಬಿಚ್ಚಬಾರದು. ಅವರು ಎಲ್ಲಾದರೂ ಸಿಕ್ಕಿಕೊಂಡರೆ ರಿಫಾಳ ಬಸ್ಸಿನ ತುಂಬ ಬಟನ್.

ಬದ್ರುದ್ದೀನ್ ಕನ್ನಡಕ ಸರಿಮಾಡಿಕೊಂಡು ಕೂತರು. ಬೋರ್ಡು ಬದಲಿಸಿದರು. ಕೀಲಿ ತಿರುಗಿಸಿದರು. ಇಂಜಿನ್ ಗುರುಗುಟ್ಟಿತು. ರಿಫಾಳಿಗೆ ಜೀವ ಬಂದ ಹಾಗಾಯಿತು.

ಆಮೇಲೆ ಅವರು ಏನೂ ಮಾಡಲಿಲ್ಲ. ಸುಮ್ಮನೆ ಕೂತರು. ಬಸ್ಸು ನಿಂತಲ್ಲೇ ನಡುಗುತ್ತಿತ್ತು. ಒಮ್ಮೆ ಪರದೆಯ ಮೂಲೆಯ ಕನ್ನಡಿ ನೋಡಿದರು, ಮತ್ತೆ ಕೂತರು. ಕೀಬೋರ್ಡಿನಲ್ಲಿ ಬಸ್ಸನ್ನು ಮುಂದಕ್ಕೆ ಓಡಿಸುವ ಬಾಣದ ಕೀಯೊಂದನ್ನು ಒತ್ತಿದರೆ ಮುಗಿಯಿತು, ಅವರ ಬೆರಳು ಅದರ ಮೇಲೇ ಇತ್ತು. ಶಿವಕೃಷ್ಣ ಗೆದ್ದವನ ಗತ್ತಿನಲ್ಲಿ ಕೈಕಟ್ಟಿ ನಿಂತಿದ್ದ. ಅದನ್ನು ಒತ್ತಿ ಎಂದು ಒದರಿಬಿಡೋಣ ಎನಿಸಿತು ರಿಫಾಳಿಗೆ. ಹಲ್ಲು ಕಚ್ಚಿ ಸಹಿಸಿದಳು.

"ಎಂತದು ಇದು?" ಬದ್ರುದ್ದೀನ್ ಸಿಡುಕಿದರು. "ಎಷ್ಟು ಹೊತ್ತು ಕಾಯುವುದು? ಕಂಡಕ್ಟರ್ ಎಲ್ಲಿ ಸತ್ತ? ವಿಸಿಲ್ ಹಾಕದೆ ಬಸ್ ತೆಗೆಯುವುದು ಹೇಗೆ?"

"ಆಟದಲ್ಲಿ ಕಂಡಕ್ಟರ್ ಇಲ್ಲ ಸಾಹೇಬ್ರೇ," ಶಿವಕೃಷ್ಣನಿಗೆ ಹಿಗ್ಗೋ ಹಿಗ್ಗು. "ಅದಕ್ಕೇ ನಾನು ಹೇಳಿದ್ದು, ಬಟನ್ ಬೇಕು ಅಂತ."

ರಿಫಾಳ ಕಣ್ಣು ತುಂಬಿತು. ದಿನಾ ಬೆಳ್ತಂಗಡಿಯಿಂದ ಬಸ್ಸಿನಲ್ಲೇ ಬರುವವಳು, ಕಂಡಕ್ಟರನನ್ನೇ ಬಿಟ್ಟು ಬಸ್ಸು ಕಟ್ಟಿದ್ದಳು! ನಾಚಿಕೆಯಾಯಿತು. ಆದರೆ ಬಟನ್ ಹುಡುಕುವವನು ಯಾವನೂ ಕಂಡಕ್ಟರನಿಗಾಗಿ ಕಾಯುವುದಿಲ್ಲವಲ್ಲ? ಅದು ಹೊಳೆದದ್ದೇ ತಡ, ಹಿರಿಯರ ಎದುರು ಹೆಣ್ಣುಮಗಳು ಶಿಳ್ಳೆ ಹಾಕಬಾರದೆಂಬುದನ್ನು ಗಾಳಿಗೆ ತೂರಿ, ಎರಡು ಬೆರಳು ಬಾಯಿಗಿಟ್ಟು, ಬಸ್ಸು ಹೊರಡಿಸುವ ಕಂಡಕ್ಟರನ ಹಾಗೆ ಎರಡು ಸಲ ಊದಿದಳು.

ಬದ್ರುದ್ದೀನ್ ತಿರುಗಿಯೂ ನೋಡಲಿಲ್ಲ. ಬಸ್ಸು ಹೊರಟಿತು. ಮೊದಲ ತಿರುವಿಗೆ ಅವರ ದೇಹವೂ ಕುರ್ಚಿಯಲ್ಲಿ ವಾಲಿತು.

"ಬಟನ್ ಎಲ್ಲಿ ಹಾಕುವ ಸಾಹೇಬ್ರೇ?" ಶಿವಕೃಷ್ಣ ಬಗ್ಗಿ ಕೇಳಿದ.

"ನೀವು ಸ್ವಲ್ಪ ಹಿಂದೆ ಹೋಗಿ," ಎಂದರು ಬದ್ರುದ್ದೀನ್, ದಾರಿಯಿಂದ ಕಣ್ಣು ತೆಗೆಯದೆ. "ಡ್ರೈವರನ ಹತ್ತಿರ ಮಾತಾಡಬಾರದು."