ಹದಿನಾಲ್ಕು ಹಸಿರು ಪೊಟ್ಟಣ

ಹತ್ತೇ ನಿಮಿಷ ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದ ಬೋ-ವೆಯ್. ನಮ್ಮ ಮೀನಿನ ಹೊಂಡಗಳಿಗೆ ಉಪಕರಣ ಕೂರಿಸಿದ ಕಂಪನಿಯವನು. ಅವನ್ನೆಲ್ಲ ನಡೆಸುವ ಹಬ್ ಯಂತ್ರಕ್ಕೆ ಹೊಸ ಫರ್ಮ್‌ವೇರ್ ತಂತ್ರಾಂಶ ಹಾಕುವಾಗ ಹತ್ತು ನಿಮಿಷ ಸಂಪರ್ಕ ಕಡಿದುಹೋಗುತ್ತದೆ, ಆಮೇಲೆ ತಾನಾಗಿಯೇ ಬರುತ್ತದೆ, ನಡುವೆ ಯಾರೂ ಹಬ್ ಮುಟ್ಟಬಾರದು. ಕಾಓಶಿಯುಂಗ್ ನಗರದ ಕಚೇರಿಯ ತಂಪಿನಲ್ಲಿ ಕೂತು ಹೇಳುವುದಕ್ಕೇನು?

ಮೋಡ ಮುಚ್ಚಿದ ಮಧ್ಯಾಹ್ನ, ಎಲೆ ಅಲುಗಾಡುತ್ತಿರಲಿಲ್ಲ. ಇಂಥ ದಿನವೇ ನೀರಿನಲ್ಲಿ ಆಮ್ಲಜನಕ ಇಳಿಯುವುದು. ಇಳಿದದ್ದನ್ನು ಹೊಂಡದ ಸೆನ್ಸರ್ ತಂತಿಯಿಲ್ಲದೆ ಹಬ್‌ಗೆ ತಿಳಿಸಬೇಕು, ಹಬ್ ನೀರು ಕಡೆಯುವ ಚಕ್ರಗಳನ್ನು ತಿರುಗಿಸಬೇಕು. ಕೈಯಿಂದ ಹಾಕುವ ಸ್ವಿಚ್ಚುಗಳೂ ಇವೆ. ಆ ಸ್ವಿಚ್ಚುಗಳ ಪೆಟ್ಟಿಗೆಗೆ ಹೋದ ವರ್ಷ ನಾನೇ ಬೀಗ ಜಡಿದೆ. ಕರೆಂಟು ಉಳಿಸುತ್ತೇನೆಂದು ಅತ್ತೆ ಚಕ್ರ ನಿಲ್ಲಿಸಿದ್ದಕ್ಕೆ ಒಂದು ಹೊಂಡದ ಮೀನೆಲ್ಲ ಸತ್ತು ಬೆಳ್ಳಗೆ ತೇಲಿದ್ದವು. ಅಂದಿನಿಂದ ಬೀಗದ ಕೈ ನನ್ನ ಸೊಂಟದಲ್ಲಿದೆ.

ಹತ್ತು ನಿಮಿಷ ಇಪ್ಪತ್ತಾಯಿತು. ಫೋನಿನಲ್ಲಿ ಮೂರು ಹೊಂಡಗಳ ಎದುರೂ ಸಂಪರ್ಕವಿಲ್ಲ ಎಂದೇ ಇತ್ತು. ಕೂತೆ, ಎದ್ದೆ, ಕುದಿಯುತ್ತಿದ್ದ ಗಂಜಿಯ ಒಲೆ ಆರಿಸಿದೆ, ಮತ್ತೆ ಹಚ್ಚಿದೆ. ಬೋ-ವೆಯ್‌ಗೆ ಫೋನ್ ಮಾಡಿದರೆ, ಹಬ್ ಎದ್ದಿದೆ, ತಂತಿಯಲ್ಲಿ ಬರುವ ಇಂಟರ್ನೆಟ್ಟೂ ಬಂದಿದೆ, ಸೆನ್ಸರ್‌ಗಳ ದನಿಯೇ ಅದಕ್ಕೆ ಕೇಳಿಸುತ್ತಿಲ್ಲ ಎಂದ. ಇನ್ನೊಮ್ಮೆ ಹಾಕಿ ನೋಡುತ್ತೇನೆ ಎಂದ. ಅಂದರೆ ಮತ್ತೆ ಹತ್ತು ನಿಮಿಷ.

ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತರು. ಎಪ್ಪತ್ತಾರು ವರ್ಷ, ಕಾಲಲ್ಲಿ ರಬ್ಬರ್ ಬೂಟು.

"ಮೂರನೇ ಹೊಂಡದಲ್ಲಿ ಮೀನು ಬಾಯಿ ಮೇಲೆತ್ತಿವೆ ಕಣೇ."

"ಹಂಗೇನಾದ್ರೂ ಇದ್ರೆ ಫೋನೇ ಹೇಳುತ್ತೆ ಅತ್ತೆ. ನೀವ್ ಸುಮ್ನಿರಿ."

"ಈಗೇನ್ ಹೇಳ್ತಿದೆ ನಿನ್ ಫೋನು?"

ಮೂರನೇ ಹೊಂಡಕ್ಕೆ ಓಡಿದೆ. ಗ್ರೂಪರ್ ಮೀನುಗಳು ದಡದ ಬಳಿ ಒತ್ತೊತ್ತಾಗಿ ಸೇರಿ ಗಾಳಿಗೆ ಬಾಯಿ ಬಿಡುತ್ತಿದ್ದವು. ಅವಸರದಲ್ಲಿ ಬೀಗದ ಕೈ ಎರಡು ಸಲ ಕೆಳಗೆ ಬಿತ್ತು. ಸ್ವಿಚ್ಚು ಹಾಕಿದೆ. ಚಕ್ರಗಳು ನೀರು ಎರಚತೊಡಗಿದವು. ಸುಮಾರು ಅರವತ್ತು ಮೀನು ಆಗಲೇ ಸತ್ತು ಮಗುಚಿದ್ದವು, ಉಳಿದವು ಉಸಿರು ಸಿಕ್ಕಿ ನಿಧಾನವಾಗಿ ಕೆಳಗಿಳಿದವು. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಆ ಸಿಟ್ಟಿನಲ್ಲೇ ಹಬ್ ಇಟ್ಟ ತಗಡಿನ ಕೋಣೆಗೆ ನುಗ್ಗಿದೆ. ಹಬ್ ಕಾಣಲೇ ಇಲ್ಲ. ಅದರ ಮೇಲೆ, ಸುತ್ತ, ಸಂದಿಯಲ್ಲೆಲ್ಲ ಜೋಳದ ಕುರುಕಲಿನ ಹಸಿರು ಪೊಟ್ಟಣಗಳು.

ನಮ್ಮ ಕಡೆ ಯಾವ ಯಂತ್ರದ ಮೇಲೂ ಅದೊಂದು ಇರಲೇಬೇಕು, ಆ ಕುರುಕಲಿನ ಹೆಸರಿಗೇ ವಿಧೇಯ ಎಂದರ್ಥ, ಯಂತ್ರವೂ ನಾವು ಹೇಳಿದ ಮಾತು ಕೇಳಲಿ ಅಂತ. ಯಂತ್ರ ಸರಿಯಿದೆ ಎನ್ನುವ ದೀಪದಂತೆ ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಯಾರೂ ತಿನ್ನಬಾರದು. ನಾನೂ ಒಂದು ಇಟ್ಟಿದ್ದೆ, ಸುಳ್ಳೇಕೆ ಹೇಳಲಿ. ಈಗ ಎಣಿಸಿದರೆ ಹದಿನಾಲ್ಕು. ಅವುಗಳ ಒಳಗೆಲ್ಲ ಬೆಳ್ಳಿ ಬಣ್ಣದ ಲೋಹದ ಹಾಳೆ. ಅತಿಯಾದರೆ ಅಮೃತವೂ ವಿಷ. ಆ ಹಾಳೆಗಳ ಗೋಡೆಯೊಳಗೆ ಹಬ್‌ಗೆ ಯಾವ ಸೆನ್ಸರ್‌ನ ದನಿ ತಲುಪೀತು? ಪೊಟ್ಟಣಗಳನ್ನು ಕಿತ್ತೆಸೆದೆ. ಜೇಬಿನ ಫೋನು ಮೂರು ಸಲ ಕೂಗಿತು. ಮೂರೂ ಹೊಂಡ ಸಂಪರ್ಕಕ್ಕೆ ಬಂದಿದ್ದವು.

ಅತ್ತೆ ಹಿಂದೆಯೇ ಬಂದು ನಿಂತಿದ್ದರು.

"ನೀವೇ ತಾನೆ ಇಟ್ಟಿದ್ದು?" ಎಂದೆ.

"ಬೆಳಿಗ್ಗೆ ನೀನು ಫೋನಲ್ಲಿ ಮಾತಾಡಿದ್ದು ಕೇಳಿಸ್ತು. ಯಂತ್ರ ಕೈ ಕೊಟ್ರೆ ಅಂತ ಅಂಗಡೀಲಿ ಇದ್ದಷ್ಟೂ ತಂದೆ." ನೆಲದ ಮೇಲಿದ್ದ ಒಂದು ಪೊಟ್ಟಣವನ್ನೆತ್ತಿ ಧೂಳು ಒರೆಸಿದರು. "ಸ್ವಿಚ್ಚು ಮುಟ್ಬೇಡಿ ಅಂತ ನೀನಂದೆ, ಮುಟ್ಲಿಲ್ಲ. ಹಬ್ ಮುಟ್ಬೇಡಿ ಅಂದೆ, ಅದನ್ನೂ ಮುಟ್ಲಿಲ್ಲ. ನಂಗೆ ಇನ್ನೇನ್ ಉಳ್ದಿತ್ತು ಮಾಡಕ್ಕೆ?"

ನಲವತ್ತು ವರ್ಷ ಬರಿಗಣ್ಣಲ್ಲಿ ಈ ನೀರನ್ನು ಕಾದವರು. ಇವತ್ತೂ ಮೊದಲು ಕಂಡದ್ದು ಅವರಿಗೇ. ನನಗೆ ನಾಚಿಕೆಯಾಯಿತು. ಸೊಂಟದ ಬೀಗದ ಕೈ ಬಿಚ್ಚಿ ಅವರ ಅಂಗೈಯಲ್ಲಿಟ್ಟೆ.

ಅತ್ತೆ ಅದನ್ನು ಎರಡು ಸಲ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು. ಒಂದೇ ಒಂದು ಪೊಟ್ಟಣವನ್ನು ಹಬ್‌ನಿಂದ ಮೊಳ ದೂರ ಇಟ್ಟರು.

"ನಿಂತ್ಕೊಂಡ್ ಏನ್ ನೋಡ್ತೀಯ, ಬಲೆ ತಗೊಂಬಾ. ಸತ್ತಿರೋದನ್ನ ತೆಗೀದಿದ್ರೆ ನೀರು ಕೆಡುತ್ತೆ."

ನಾನು ಬಲೆ ತರಲು ಹೋದೆ.